ಬೆಟ್ಟದ ಪುಸ್ತಕದಲ್ಲಿ ಖಾಲಿ ಬಿಟ್ಟ ಜಾಗ

ಬಬೂನ್ ಕೋತಿ ಬೆಟ್ಟದ ಬುಡದ ಪಿಕ್ನಿಕ್ ಮೇಜಿನ ಮೇಲೆ ಕಾಲು ಚಾಚಿ ಕೂತು, ಅಂಡಿಲೆಯ ಬ್ರೆಡ್ಡನ್ನು ತನ್ನ ಮಾವನ ಮನೆಯ ಊಟ ಎಂಬಂತೆ ತಿನ್ನುತ್ತಿತ್ತು.

"ಅದು ನಂದು!" ಅಂಡಿಲೆ ಜೋರಾಗಿ ಅಳತೊಡಗಿದ. ಅವನಿಗೆ ಆರು ವರ್ಷ. "ಅಕ್ಕಾ, ಅದು ನಂದು ಅಂತ ಹೇಳೇ ಅದಕ್ಕೆ!"

"ನೀನೇ ಹೋಗಿ ಹೇಳು. ಅದರ ಹಲ್ಲು ನೋಡಿದ್ಯಾ?" ಎಂದಳು ನೊಕ್ವಾಂಡಾ.

ಅಪ್ಪ ಒಂದು ಕೋಲು ಹಿಡಿದು "ಹೋಯ್! ಹೋಯ್!" ಎಂದು ಓಡಿಬಂದ. ಕೋತಿ ಅಪ್ಪನನ್ನು ಮೇಲಿಂದ ಕೆಳಗೆ ನೋಡಿತೇ ಹೊರತು ಕೂತ ಜಾಗ ಬಿಟ್ಟು ಕದಲಲಿಲ್ಲ.

ಅಷ್ಟರಲ್ಲಿ ಗೇಟಿನ ಹತ್ತಿರ ನಿಂತಿದ್ದ ವ್ಯಾನು ಪೀಂ ಪೀಂ ಎಂದಿತು. ನಾಲ್ಕು ಗಂಟೆಯ ವ್ಯಾನೇ ಆ ದಿನದ ಕೊನೆಯ ವ್ಯಾನು. ಅದು ತಪ್ಪಿದರೆ ಎಸ್ಟ್‌ಕೋರ್ಟ್ ಊರಿನ ತನಕ ನಡೆದೇ ಹೋಗಬೇಕು. ಹಾಗೆ ನಡೆದರೆ ಮಾರನೇ ದಿನ ಮಧ್ಯಾಹ್ನದ ಊಟಕ್ಕೆ ಮನೆ ತಲುಪಬಹುದಿತ್ತು.

"ಕ್ವಾಂಡಾ, ಓಡು! ವಾಪಸ್ ಬಂದ್ವಿ ಅಂತ ಬುಕ್ಕಲ್ಲಿ ಬರೆದು ಬಾ. ಈ ಕಳ್ಳನ್ನ ನಾನು ನೋಡ್ಕೋತೀನಿ" ಎಂದ ಅಪ್ಪ.

ಗೇಟಿನ ಆಫೀಸಿನ ಜಗುಲಿಯಲ್ಲಿ ಒಂದು ದಪ್ಪ ಪುಸ್ತಕ ಇರುತ್ತದೆ. ಬೆಟ್ಟ ಹತ್ತುವವರೆಲ್ಲ ಅದರಲ್ಲಿ ಹೆಸರು, ವಯಸ್ಸು, ಫೋನ್ ನಂಬರು, ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಬರೆಯಬೇಕು. ಇಳಿದು ಬಂದ ಮೇಲೆ ಅದೇ ಸಾಲಿನ ಕೊನೆಯಲ್ಲಿ ಬಂದ ಹೊತ್ತು ಬರೆಯಬೇಕು. ಹತ್ತು ತುಂಬಿದ ಮೇಲೆ ಆ ಕೆಲಸ ನಿನ್ನದು ಎಂದು ಅಪ್ಪ ಕ್ವಾಂಡಾಗೆ ಮಾತು ಕೊಟ್ಟಿದ್ದ. ಅವಳಿಗೆ ಹತ್ತು ತುಂಬಿ ಒಂಬತ್ತು ದಿನವಾಗಿತ್ತು. ಬೆಳಿಗ್ಗೆ ಅವಳು ದುಂಡಗಿನ ಅಕ್ಷರದಲ್ಲಿ ಮೂವರ ಹೆಸರನ್ನೂ ಬರೆದು, 'ಜೇನು ಗುಹೆಯ ತನಕ' ಎಂದು ಸೇರಿಸಿದ್ದಳು. ನಿಜ ಹೇಳಬೇಕೆಂದರೆ ಅವರು ಗುಹೆಯ ಅರ್ಧ ದಾರಿಗೂ ಹೋಗಿರಲಿಲ್ಲ. ಹಳ್ಳದ ಹತ್ತಿರ ಹದಿನಾಲ್ಕು ಎಲಂಡ್ ಜಿಂಕೆಗಳು ನಿಂತಿದ್ದವು, ಒಂದೊಂದೂ ಎತ್ತಿನ ಗಾತ್ರ. ಅವನ್ನು ನೋಡುತ್ತ ಕೂತು, ಅಂಡಿಲೆಯ ಕಾಲು ನೋಯುತ್ತದೆಂದು ಅಲ್ಲಿಂದಲೇ ತಿರುಗಿದ್ದರು.

ಕ್ವಾಂಡಾ ಜಗುಲಿಯ ಕಡೆ ಓಡಿದಳು. ಮೆಟ್ಟಿಲಿಗೆ ಇನ್ನು ನಾಲ್ಕು ಹೆಜ್ಜೆ. ಆಗ ಅವಳ ಪಕ್ಕದಿಂದಲೇ ಕಂದು ಬಣ್ಣದ್ದೇನೋ ಸರ್ರನೆ ಹಾದುಹೋಯಿತು. ಕೋತಿ! ಅದರ ಕೈಯಲ್ಲಿ ಅಪ್ಪನ ಬ್ಯಾಗು!

"ಹಿಡಿ! ಹಿಡಿ! ಫೋನಿದೆ ಅದರಲ್ಲಿ!" ಎಂದು ಅಪ್ಪ ಕೂಗಿದ.

ಕ್ವಾಂಡಾ ಬ್ಯಾಗಿನ ಪಟ್ಟಿ ಹಿಡಿದಳು. ಕೋತಿ ಆ ಕಡೆ ಎಳೆಯಿತು, ಇವಳು ಈ ಕಡೆ ಎಳೆದಳು. ವ್ಯಾನಿನಲ್ಲಿದ್ದವರೆಲ್ಲ ಕಿಟಕಿಯಿಂದ ತಲೆ ಹಾಕಿ ನಗತೊಡಗಿದರು. ಕೊನೆಗೆ ಜಿಪ್ಪು ಕಿತ್ತುಹೋಗಿ, ಒಂದು ಕಿತ್ತಳೆ ಹಣ್ಣು ಉರುಳಿತು. ಕೋತಿ ಬ್ಯಾಗು ಬಿಟ್ಟು ಹಣ್ಣಿನ ಹಿಂದೆ ಹೋಯಿತು.

"ಬರ್ತೀರೋ, ಇಲ್ಲ ಆ ಕೋತಿ ಮನೇಲೇ ನೆಂಟರಾಗಿ ಇರ್ತೀರೋ?" ಎಂದು ಡ್ರೈವರ್ ಗದರಿದ. ವ್ಯಾನು ಆಗಲೇ ಮುಂದಕ್ಕೆ ಜರುಗುತ್ತಿತ್ತು. ಮೂವರೂ ಓಡಿ ಹತ್ತಿದರು. ಬಾಗಿಲು ದಡಾರೆಂದು ಮುಚ್ಚಿತು.

ದಾರಿಯುದ್ದಕ್ಕೂ ಅದೇ ಮಾತು. ಮುಂದಿನ ಸೀಟಿನ ಹೆಂಗಸು ನಗುತ್ತಾ, "ಭಲೇ ಹುಡುಗಿ! ನಿನ್ನನ್ನ ಮದುವೆ ಆಗೋನು ಸ್ವಲ್ಪ ಹುಷಾರಾಗಿರಬೇಕು" ಎಂದಳು. ಕ್ವಾಂಡಾಗೆ ಹೆಮ್ಮೆಯೋ ಹೆಮ್ಮೆ.

ಅರ್ಧ ದಾರಿಯಲ್ಲಿ ಅಪ್ಪ ತೂಕಡಿಸುತ್ತಲೇ ಕೇಳಿದ. "ಬುಕ್ಕಲ್ಲಿ ಬರೆದ್ಯಾ ತಾನೇ?"

ಕ್ವಾಂಡಾ ಬರೆದಿರಲಿಲ್ಲ! ಪೆನ್ನನ್ನು ಮುಟ್ಟಿಯೂ ಇರಲಿಲ್ಲ. ಈಗ ಹೇಳಿದರೆ ಅಪ್ಪ ಏನು ಮಾಡುತ್ತಾನೆ? ವ್ಯಾನು ತಿರುಗುವುದಿಲ್ಲ. ಇನ್ನು ಮುಂದೆ ಪುಸ್ತಕ ಬರೆಯುವ ಕೆಲಸವಂತೂ ತನಗೆ ಸಿಗುವುದೇ ಇಲ್ಲ. ಅಷ್ಟಕ್ಕೂ ಆ ಹಳೇ ಪುಸ್ತಕವನ್ನು ಯಾರು ಓದುತ್ತಾರೆ?

"ಹೂಂ" ಎಂದಳು.

"ಜಾಣೆ" ಎಂದು ಅಪ್ಪ ಅವಳ ಹೆಗಲಿಗೆ ತಲೆಯೊರಗಿಸಿ ಮಲಗಿಬಿಟ್ಟ.

ಅಂದು ಸಂಜೆ ಗಾಳಿ ಶುರುವಾಯಿತು. ಚಳಿಗಾಲದ ಕೊನೆಯ ಆಗಸ್ಟ್ ತಿಂಗಳ ಗಾಳಿ, ಮನೆಯ ತಗಡನ್ನು ಕಿತ್ತುಕೊಂಡು ಹೋಗುವಂತೆ ಬೀಸಿತು. ಹೇಗೂ ಲೋಡ್ ಶೆಡ್ಡಿಂಗ್ ಎಂದು ಹೋಗಿದ್ದ ಕರೆಂಟು ಆಮೇಲೆ ಬರಲೇ ಇಲ್ಲ. ಎಲಂಡ್ ಜಿಂಕೆಗಳ ಫೋಟೋ ತೆಗೆದು ತೆಗೆದು ಅಪ್ಪನ ಫೋನು ಸತ್ತುಹೋಗಿತ್ತು. ಅಮ್ಮ ಡರ್ಬನ್‌ನಲ್ಲಿ ಕೆಲಸಕ್ಕಿದ್ದಾಳೆ, ತಿಂಗಳ ಕೊನೆಗೆ ಬರುತ್ತಾಳೆ. ಅಜ್ಜಿ ಬೀನ್ಸಿನ ಸಾರು ಬಡಿಸಿ, ಎಲ್ಲರಿಗೂ ಎರಡೆರಡು ಕಂಬಳಿ ಹೊದಿಸಿದಳು. ಕ್ವಾಂಡಾ ಬೆಚ್ಚಗೆ ಮಲಗಿ, ಕೋತಿಯ ಕತೆಯನ್ನು ಸೋಮವಾರ ಕ್ಲಾಸಿನಲ್ಲಿ ಹೇಗೆ ಹೇಳಬೇಕೆಂದು ಯೋಚಿಸುತ್ತಾ ನಿದ್ದೆಹೋದಳು.

ಬೆಳಿಗ್ಗೆ ಅವಳು ಅಂಗಳದಲ್ಲಿ ಕೋಳಿಗಳಿಗೆ ಜೋಳ ಚೆಲ್ಲುತ್ತಿದ್ದಾಗ ಪೊಲೀಸ್ ಗಾಡಿ ಬಂದು ನಿಂತಿತು. ದಪ್ಪ ಮೀಸೆಯ ಸಾರ್ಜೆಂಟ್ ಒಬ್ಬರು ಇಳಿದರು.

"ಮಸೊಂಡೊ ಅವರ ಮನೆ ಇದೇನಾ?"

"ಹೌದು, ಸರ್."

"ನಿನ್ನ ಹೆಸರೇನಮ್ಮ?"

"ನೊಕ್ವಾಂಡಾ."

ಸಾರ್ಜೆಂಟ್ ಕೈಯಲ್ಲಿದ್ದ ಚೀಟಿ ನೋಡಿದರು. ಅವಳ ಮುಖ ನೋಡಿದರು. ಮತ್ತೆ ಚೀಟಿ ನೋಡಿದರು. ಆಮೇಲೆ ಟೋಪಿ ತೆಗೆದು, ಅಷ್ಟು ದೊಡ್ಡ ಮನುಷ್ಯ ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತರು.

"ಹತ್ತು ವರ್ಷ?"

"ಹೂಂ."

"ಅಂಡಿಲೆ ಅಂತ ತಮ್ಮ ಇದ್ದಾನಾ? ಆರು ವರ್ಷ?"

"ಒಳಗೆ ಗಂಜಿ ಕುಡೀತಿದ್ದಾನೆ" ಎಂದಳು ಕ್ವಾಂಡಾ. ಅವಳಿಗೆ ಏನೂ ಅರ್ಥವಾಗಲಿಲ್ಲ. ಆದರೂ ಕೈಯಲ್ಲಿದ್ದ ಜೋಳ ತಾನಾಗಿಯೇ ಉದುರತೊಡಗಿತು.

ಸಾರ್ಜೆಂಟ್ ಭುಜದ ಮೇಲಿದ್ದ ರೇಡಿಯೋ ಒತ್ತಿದರು. "ಗುಮೆಡೆ ಮಾತಾಡ್ತಿರೋದು. ಮಕ್ಕಳು ಮನೇಲಿದ್ದಾರೆ. ಹೌದು, ಮನೇಲಿ. ಕಣ್ಣಾರೆ ನೋಡ್ತಿದೀನಿ. ಗಂಜಿ ಕುಡೀತಿದ್ದಾರೆ."

ರೇಡಿಯೋದ ಆ ಕಡೆ ಯಾರೋ ಬಿಕ್ಕಿ ಬಿಕ್ಕಿ ಅತ್ತರು. ದೊಡ್ಡ ಗಂಡಸೊಬ್ಬ ಹಾಗೆ ಅಳುವುದನ್ನು ಕ್ವಾಂಡಾ ಯಾವತ್ತೂ ಕೇಳಿರಲಿಲ್ಲ.

ಅಪ್ಪ, ಅಜ್ಜಿ ಹೊರಗೆ ಬಂದರು. ಸಾರ್ಜೆಂಟ್ ಗುಮೆಡೆ ಎದ್ದು ನಿಂತು ಎಲ್ಲವನ್ನೂ ಹೇಳಿದರು. ಸಂಜೆ ಐದಕ್ಕೆ ಗೇಟಿನವರು ಪುಸ್ತಕ ನೋಡಿದ್ದರು. ದಿನಾ ನೋಡುತ್ತಾರೆ, ಒಂದೊಂದು ಸಾಲನ್ನೂ ನೋಡುತ್ತಾರೆ. ಒಂದು ಸಾಲಿನ ಕೊನೆ ಖಾಲಿಯಿತ್ತು. ಫೋನು ಮಾಡಿದರು, ಹೋಗಲಿಲ್ಲ. ಅಷ್ಟರಲ್ಲಿ ಬೆಟ್ಟದಲ್ಲಿ ಹಿಮ ಬೀಳತೊಡಗಿತ್ತು.

"ಇಪ್ಪತ್ತಾರು ಜನ ಹತ್ತಿದ್ರು ರೀ. ಪೇಟೆಯಿಂದ ಡಾಕ್ಟರು, ಹಳ್ಳಿಯ ಕುದುರೆಯವರು, ಮೇಷ್ಟ್ರುಗಳು. ಯಾರಿಗೂ ಸಂಬಳ ಇಲ್ಲ, ಏನಿಲ್ಲ. ರಾತ್ರಿಯಿಡೀ ಜೇನು ಗುಹೆ ದಾರೀಲಿ ಹುಡುಕಿದಾರೆ. ಬೆಳಿಗ್ಗೆ ಮೊದಲನೇ ಟ್ರಿಪ್ ಬಂದ ವ್ಯಾನ್ ಡ್ರೈವರ್ 'ಅಯ್ಯೋ, ಅವರು ನಿನ್ನೆ ನನ್ನ ಗಾಡೀಲೇ ಬಂದ್ರಲ್ಲ' ಅಂದ, ಮನೆ ಗುರುತೂ ಹೇಳಿದ. ಯಾರೂ ನಂಬಲಿಲ್ಲ. ನೋಡ್ಕೊಂಡು ಬಾ ಅಂತ ನನ್ನ ಕಳಿಸಿದ್ರು."

ಅಪ್ಪನ ಮುಖ ಬಿಳಿಚಿಕೊಂಡಿತು. ಆಮೇಲೆ ಕೆಂಪಾಯಿತು.

"ಏನೋ ತಪ್ಪಾಗಿದೆ ಸಾರ್ಜೆಂಟ್. ನಾವು ಬರೆದಿದ್ವಿ. ನನ್ನ ಮಗಳು ಬರೆದಿದಾಳೆ. ನಾನೇ ಕೇಳಿದೆ ಅವಳನ್ನ. ಗೇಟಿನವರು ಸರಿಯಾಗಿ ನೋಡಿಲ್ಲ, ಅಷ್ಟೇ."

"ನಾನು ಪುಸ್ತಕ ನೋಡಿದೀನಿ ಮಸೊಂಡೊ."

"ಹಾಗಾದ್ರೆ ಬೇರೆ ಸಾಲಲ್ಲಿ ಬರೆದಿರ್ತಾಳೆ! ನನ್ನ ಮಗಳು ಸುಳ್ಳು ಹೇಳೋಳಲ್ಲ!" ಅಪ್ಪನ ದನಿ ಏರಿತು. ತಾನು ಕೆಲಸ ಮಾಡುವ ಬೇಕರಿಯ ಮಾಲೀಕರೆದುರೂ ದನಿ ಏರಿಸದ ಅಪ್ಪ, ಪೊಲೀಸರೆದುರು ಅವಳಿಗಾಗಿ ಜಗಳಕ್ಕೆ ನಿಂತಿದ್ದ.

ಕ್ವಾಂಡಾ ಸುಮ್ಮನಿದ್ದುಬಿಟ್ಟರೆ ಅಪ್ಪ ಗೆಲ್ಲಬಹುದೇನೋ. ಆದರೆ ಅವಳು ಅಪ್ಪನ ಅಂಗಿಯ ತುದಿ ಹಿಡಿದೆಳೆದಳು.

"ಅಪ್ಪಾ" ಎಂದಳು. "ನಾನು ಬರೀಲಿಲ್ಲ. ಕೋತಿ ಬಂತಲ್ಲ, ಆಗ ಮರೆತೆ. ಆಮೇಲೆ ನೀನು ಕೇಳಿದಾಗ ಸುಮ್ನೆ ಹೂಂ ಅಂದೆ."

ಅಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳನ್ನು ಒಮ್ಮೆ ನೋಡಿ, ಸಾರ್ಜೆಂಟ್ ಕಡೆ ತಿರುಗಿ, "ನನ್ನನ್ನ ಕ್ಷಮಿಸಿ" ಎಂದು ತಲೆ ತಗ್ಗಿಸಿದ.

"ಅದಲ್ಲ ಈಗ ವಿಷಯ" ಎಂದರು ಗುಮೆಡೆ. "ಇಪ್ಪತ್ತೈದು ಜನ ಇಳಿದು ಬರ್ತಿದಾರೆ. ಒಬ್ಬರ ಸುದ್ದಿ ಇಲ್ಲ. ಮಬಾಸೊ ಅಂತ, ಬೆಟ್ಟದ ಕೆಳಗಿನ ಹಳ್ಳಿಯವರು. ರೇಡಿಯೋನೂ ತಗೊಳ್ಳದೆ ಒಬ್ಬರೇ ಮೇಲಿನ ದಾರಿ ಹಿಡಿದು ಹೋಗಿದಾರೆ. ನಡುರಾತ್ರಿ ಆದ್ಮೇಲೆ ಅವರನ್ನ ಯಾರೂ ನೋಡಿಲ್ಲ."

ಅಂಗಳದಲ್ಲಿ ಕೋಳಿಗಳು ತಮ್ಮ ಪಾಡಿಗೆ ಜೋಳ ಹೆಕ್ಕುತ್ತಿದ್ದವು.

"ನಾನು ಬರ್ತೀನಿ ಹುಡುಕೋಕೆ" ಎಂದು ಅಪ್ಪ ಬೂಟು ಹಾಕಿಕೊಂಡ.

"ನಾನೂ ಬರ್ತೀನಿ" ಎಂದಳು ಕ್ವಾಂಡಾ.

"ನೀನು ಬಂದು ಏನು ಮಾಡ್ತೀಯ?"

ಅಜ್ಜಿ ನಡುವೆ ಬಾಯಿ ಹಾಕಿದಳು. "ಕರ್ಕೊಂಡು ಹೋಗೋ. ತಪ್ಪು ಮಾಡಿದವಳು ಮನೇಲಿ ಕೂತ್ರೆ ಹೇಗೆ?" ಎಂದವಳೇ ಅಂಗಳಕ್ಕಿಳಿದು, ಚುಕ್ಕೆಚುಕ್ಕೆಯ ಕೋಳಿಯನ್ನು ಹಿಡಿದಳು. ದಿನಾ ಮೊಟ್ಟೆಯಿಡುವ ಕೋಳಿ ಅದು. ಅದರ ಕಾಲು ಕಟ್ಟಿ ಕ್ವಾಂಡಾಳ ಕೈಗೆ ಕೊಟ್ಟಳು. "ಬರಿಗೈಲಿ ಹೋಗಿ ತಪ್ಪಾಯ್ತು ಅಂದ್ರೆ ಅದು ಬರೀ ಬಾಯಿಮಾತು. ಆ ಮನುಷ್ಯ ಬಂದ್ಮೇಲೆ ಮಂಡಿಯೂರಿ ಕೊಡು."

'ಬಂದ್ಮೇಲೆ' ಎಂದಳು ಅಜ್ಜಿ. ಬರದಿದ್ದರೆ ಎಂದು ಯಾರೂ ಹೇಳಲಿಲ್ಲ. ಪೊಲೀಸ್ ಗಾಡಿಯ ಹಿಂದಿನ ಸೀಟಿನಲ್ಲಿ ಕೋಳಿಯನ್ನು ತಬ್ಬಿಕೊಂಡು ಕೂತ ಕ್ವಾಂಡಾಗೆ ದಾರಿಯುದ್ದಕ್ಕೂ ಅದೊಂದೇ ಯೋಚನೆ.

ಗೇಟಿನ ಹತ್ತಿರ ಜನ ಕಂಬಳಿ ಹೊದ್ದು ಕೂತಿದ್ದರು. ಮೊಣಕಾಲಿನ ತನಕ ಕೆಸರು, ತುಟಿಗಳೆಲ್ಲ ಒಡೆದಿದ್ದವು. ಕೆಲವರು ಕೈಯಲ್ಲಿ ಟೀ ಲೋಟ ಹಿಡಿದೇ ನಿದ್ದೆಹೋಗಿದ್ದರು. ಕ್ವಾಂಡಾ ಗಾಡಿಯಿಂದ ಇಳಿದಾಗ ಒಬ್ಬ ಹೆಂಗಸು ತಲೆಯೆತ್ತಿದಳು.

"ನೀನೇನಾ ನೊಕ್ವಾಂಡಾ?"

ಎಲ್ಲರೂ ತಿರುಗಿ ನೋಡಿದರು. ಅವಳು ಅವರಲ್ಲಿ ಒಬ್ಬರನ್ನೂ ಕಂಡವಳಲ್ಲ. ಅವರಿಗೆಲ್ಲ ಅವಳ ಹೆಸರು ಗೊತ್ತಿತ್ತು.

"ರಾತ್ರಿ ನಿದ್ದೆ ಚೆನ್ನಾಗಿ ಬಂತಾ ತಾಯಿ?" ಎಂದ ಒಬ್ಬ ಯುವಕ.

"ಸುಮ್ನಿರೋ, ಚಿಕ್ಕ ಮಗು ಅದು" ಎಂದು ಆ ಹೆಂಗಸು ಗದರಿದಳು. ಆದರೆ ಆ ಪ್ರಶ್ನೆ ಕ್ವಾಂಡಾಳ ಎದೆಗೆ ಮುಳ್ಳಿನಂತೆ ನಾಟಿತು. ಯಾಕೆಂದರೆ ನಿದ್ದೆ ನಿಜವಾಗಿಯೂ ಚೆನ್ನಾಗಿ ಬಂದಿತ್ತು.

ಅಪ್ಪ ನಾಲ್ಕು ಜನರ ಜೊತೆ ಬೆಟ್ಟ ಹತ್ತಿದ. ಕ್ವಾಂಡಾ ಆಫೀಸಿನ ಎದುರಿನ ಕಲ್ಲಿನ ಮೇಲೆ ಕೂತಳು. ಅದೇ ಕಲ್ಲಿನ ಇನ್ನೊಂದು ತುದಿಯಲ್ಲಿ ಒಬ್ಬ ಮುದುಕಿ, ಬೆಟ್ಟದ ದಾರಿಯಿಂದ ಕಣ್ಣು ಕೀಳದೆ ಕೂತಿದ್ದಳು. ಅವಳು ಮಬಾಸೊ ಅವರ ಹೆಂಡತಿ ಎಂದು ಸಾರ್ಜೆಂಟ್ ಹೇಳಿದ್ದರು.

ಮುದುಕಿ ಬೆಟ್ಟವನ್ನೇ ನೋಡುತ್ತಾ ಹೇಳಿದಳು. "ಅವರಿಗೆ ಅರವತ್ತೆರಡು. ಮಂಡಿ ನೋವು. ಹೋಗ್ಬೇಡಿ, ಹುಡುಗರು ಹೋಗ್ತಾರೆ ಅಂದೆ. 'ಆರು ವರ್ಷದ ಮಗುವಂತೆ ಕಣೇ' ಅಂದ್ರು. ಕಂಬಳಿ ಎತ್ಕೊಂಡು ಹೋಗೇಬಿಟ್ರು."

ಕೋಳಿ ಕ್ವಾಂಡಾಳ ತೊಡೆಯ ಮೇಲೆ ಕೊಕ್ ಕೊಕ್ ಎಂದಿತು.

"ನಾನು ಬರೆದಿದ್ರೆ ಅವರು ಹೋಗ್ತಿರಲಿಲ್ಲ" ಎಂದಳು ಕೊನೆಗೆ.

"ಇಲ್ಲ" ಎಂದಳು ಮುದುಕಿ. "ಹೋಗ್ತಿರಲಿಲ್ಲ."

ಹತ್ತು ಗಂಟೆಯಾಯಿತು. ಹನ್ನೆರಡಾಯಿತು. ಗಾಳಿಗೆ ಹೆಲಿಕಾಪ್ಟರ್ ಏಳುವುದಿಲ್ಲವಂತೆ ಎಂದು ಯಾರೋ ಹೇಳಿದರು. ಒಬ್ಬಳು ಬಂದು ಕ್ವಾಂಡಾಗೆ ಬ್ರೆಡ್ಡು ಕೊಟ್ಟಳು. ಅವಳು ಅದನ್ನು ಚೂರು ಮಾಡಿ ಕೋಳಿಗೆ ಹಾಕಿದಳು. ಬೆಟ್ಟದ ತುದಿಯಲ್ಲಿ ಹಿಮ ಬೆಳ್ಳಗೆ ಹೊಳೆಯುತ್ತಿತ್ತು. ನಿನ್ನೆ ಅದೇ ಬೆಟ್ಟ ಎಷ್ಟು ಚಂದ ಕಂಡಿತ್ತು! ಇವತ್ತು ಅದನ್ನು ನೋಡಿದರೆ ಹೆದರಿಕೆಯಾಗುತ್ತಿತ್ತು.

ಎರಡು ಗಂಟೆಯ ಮೇಲೆ ಮುದುಕಿ ಥಟ್ಟನೆ ಎದ್ದು ನಿಂತಳು.

ದಾರಿಯ ತಿರುವಿನಲ್ಲಿ ಒಂದು ಕುದುರೆ. ಕುದುರೆಯ ಲಗಾಮು ಹಿಡಿದವನು ಅಪ್ಪ. ಮೇಲೆ ಕಂಬಳಿ ಸುತ್ತಿಕೊಂಡ ಒಬ್ಬರು ಮುಂದಕ್ಕೆ ಬಾಗಿ ಕೂತಿದ್ದರು. ಅವರ ಎಡಗೈಯನ್ನು ಬಟ್ಟೆಯಿಂದ ಎದೆಗೆ ಕಟ್ಟಲಾಗಿತ್ತು.

"ಜೀವ ಇದೆ!" ಎಂದು ಯಾರೋ ಕೂಗಿದರು. ಎಲ್ಲರೂ ಓಡಿದರು. ಕ್ವಾಂಡಾ ಮಾತ್ರ ಕೋಳಿಯನ್ನು ಹಿಡಿದುಕೊಂಡು ಅಲ್ಲೇ ನಿಂತಳು.

ಗುಹೆಯ ಮೇಲಿನ ಬಂಡೆಯಲ್ಲಿ ಜಾರಿ ಬಿದ್ದು ಕೈ ಮುರಿದಿತ್ತು. ಅಲ್ಲಿಯೇ ಒಂದು ಕಲ್ಲಿನ ಮರೆಯಲ್ಲಿ ರಾತ್ರಿ ಕಳೆದಿದ್ದರು. ಮಕ್ಕಳು ಮನೆಯಲ್ಲಿದ್ದಾರೆ ಎಂದು ಅಪ್ಪ ಎಷ್ಟು ಹೇಳಿದರೂ ಅವರು ನಂಬಿರಲಿಲ್ಲವಂತೆ. ಕುದುರೆಯಿಂದ ಇಳಿಸಿ ಬೆಂಚಿನ ಮೇಲೆ ಕೂರಿಸಿದಾಗ ಅವರು ಹೆಂಡತಿಯ ಕಡೆಗೂ ನೋಡದೆ, ಮಕ್ಕಳೆಲ್ಲಿ ಎಂಬಂತೆ ಬಲಗೈ ತಿರುಗಿಸಿದರು.

ಅಪ್ಪ ಕ್ವಾಂಡಾಳ ಬೆನ್ನ ಮೇಲೆ ಕೈಯಿಟ್ಟು ಮುಂದೆ ತಂದ.

ಮಬಾಸೊ ಅಜ್ಜ ಜೇಬಿನಿಂದ ಏನನ್ನೋ ತೆಗೆದರು. ಒಂದು ಪುಟ್ಟ ಕೆಂಪು ಕೈಗವಸು, ನೆನೆದು ಮುದ್ದೆಯಾಗಿತ್ತು. ಅದನ್ನು ಅವಳ ಮುಂದೆ ಹಿಡಿದು ಹುಬ್ಬು ಏರಿಸಿದರು.

"ನಮ್ಮದಲ್ಲ ಅಜ್ಜ" ಎಂದಳು ಕ್ವಾಂಡಾ. ಯಾವತ್ತೋ ಯಾವ ಮಗುವೋ ಬೀಳಿಸಿಕೊಂಡು ಹೋದ ಕೈಗವಸು. ಅದನ್ನು ಕಂಡೇ ಅವರು ಎಲ್ಲರನ್ನೂ ಬಿಟ್ಟು ಮೇಲಿನ ದಾರಿ ಹಿಡಿದಿದ್ದರು.

ಅವಳು ಮಂಡಿಯೂರಿ, ಎರಡೂ ಕೈಯಿಂದ ಕೋಳಿಯನ್ನು ಮುಂದೆ ಚಾಚಿದಳು.

"ನಾನು ಬುಕ್ಕಲ್ಲಿ ಬರೀಲಿಲ್ಲ ಅಜ್ಜ. ಅಪ್ಪ ಕೇಳಿದಾಗ ಬರೆದೆ ಅಂತ ಸುಳ್ಳು ಹೇಳಿದೆ. ನಾನು ಮನೇಲಿ ಮಲಗಿದ್ದೆ. ತಪ್ಪಾಯ್ತು."

ಅಜ್ಜ ಅವಳನ್ನು ತುಂಬಾ ಹೊತ್ತು ನೋಡಿದರು. ಈಗ ಬೈಯುತ್ತಾರೆ, ಈಗ ಬೈಯುತ್ತಾರೆ ಎಂದು ಅವಳು ಕಾದಳು. ಅವರು ಸರಿಯಿದ್ದ ಕೈಯಿಂದ ಕೋಳಿಯನ್ನು ತೆಗೆದುಕೊಂಡು ಹೆಂಡತಿಗೆ ಕೊಟ್ಟರು. ಆಮೇಲೆ ಬಾಯಿ ತೆರೆದರು. ಬರೀ ಗಾಳಿ ಬಂತು, ದನಿ ಬರಲಿಲ್ಲ.

"ಏನಾಯ್ತು ಅವರಿಗೆ?" ಕ್ವಾಂಡಾ ಗಾಬರಿಯಾದಳು.

"ಗಂಟಲು ಪೂರ್ತಿ ಹೋಗಿದೆ" ಎಂದ ಅಪ್ಪ. "ರಾತ್ರಿಯೆಲ್ಲ ಕೂಗಿದಾರೆ. ಬಿದ್ದು ಕೈ ಮುರಿದ ಮೇಲೂ ಕೂಗಿದಾರೆ."

"ಮಕ್ಕಳ ಹೆಸರನ್ನೇ ಕೂಗ್ಬೇಕು ಅಂತಾರೆ ಇವರು ಯಾವಾಗಲೂ" ಎಂದಳು ಮುದುಕಿ. ಅವಳು ಮೊದಲ ಸಲ ಕ್ವಾಂಡಾಳ ಮುಖ ನೋಡಿದಳು. "ದೊಡ್ಡವರಿಗೆ ಪ್ರಜ್ಞೆ ತಪ್ಪಿದ್ರೂ ಮಕ್ಕಳು ಓಗೊಡ್ತಾರಂತೆ. ಒಂದ್ಸಲ ಕೂಗೋದು, ಉಸಿರು ಬಿಗಿಹಿಡಿದು ಕೇಳಿಸ್ಕೊಳ್ಳೋದು. ಮತ್ತೆ ಕೂಗೋದು, ಮತ್ತೆ ಕೇಳಿಸ್ಕೊಳ್ಳೋದು."

ಕ್ವಾಂಡಾ ಅಜ್ಜನ ಕಡೆ ನೋಡಿದಳು. ಕತ್ತಲೆಯಲ್ಲಿ, ಹಿಮದಲ್ಲಿ, ಮುರಿದ ಕೈ ಹಿಡಿದುಕೊಂಡು ಈ ಮುದುಕ ಅವಳ ಹೆಸರು ಕೂಗಿದ್ದರು. ಕೂಗಿ, ಕಿವಿಗೊಟ್ಟು ಕಾದಿದ್ದರು. ಬೆಳಗಾಗುವ ತನಕ ಒಂದು ಸಲವೂ ಉತ್ತರ ಬಂದಿರಲಿಲ್ಲ.

ಅಜ್ಜನ ಒಡೆದ ತುಟಿಗಳು ಮತ್ತೆ ಅಲುಗಿದವು. ದನಿ ಇಲ್ಲದಿದ್ದರೂ ಅವರು ಏನು ಹೇಳುತ್ತಿದ್ದಾರೆಂದು ಕ್ವಾಂಡಾಗೆ ತಿಳಿಯಿತು. ಅದು ಅವಳದೇ ಹೆಸರು.

ಅವಳ ಕಣ್ಣು ತುಂಬಿ ಹರಿಯಿತು. ಅವಳು ಒರೆಸಿಕೊಳ್ಳಲಿಲ್ಲ.

"ಓ" ಎಂದಳು. ದನಿ ಸಣ್ಣಗೆ ಬಂತು. ಅಷ್ಟು ಸಾಲದು ಎನಿಸಿ, ಬೆಟ್ಟದ ತನಕ ಕೇಳಿಸುವಂತೆ ಇನ್ನೊಮ್ಮೆ ಓಗೊಟ್ಟಳು.

"ಓ, ಅಜ್ಜಾ! ಇಲ್ಲಿದ್ದೀನಿ!"

ಮಬಾಸೊ ಅಜ್ಜ ಸರಿ ಎಂಬಂತೆ ತಲೆಯಾಡಿಸಿ, ಬೆಂಚಿಗೊರಗಿ ಕಣ್ಣು ಮುಚ್ಚಿಕೊಂಡರು.